ಕೆಂಪು ಕಾಣದ ಫಿಲ್ಮು

ಮೂವತ್ತರ ದಶಕದಲ್ಲಿ ನಾನು ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಕುರ್ಚಿಯಲ್ಲಿ ಕೂತರೆ ಮೈಮೇಲೆ ಇರುವೆ ಹರಿದಂತಾಗುವ ಸ್ವಭಾವ ನನ್ನದು. ಹಳೆಯ ಕ್ಯಾಮೆರಾ ಒಂದನ್ನು ಕೊಂಡ ಮೇಲಂತೂ ಶನಿವಾರ ಮಧ್ಯಾಹ್ನ ಯಾವಾಗ ಆದೀತು, ಅಂಕೋಲೆಯ ಮನೆಗೆ ಯಾವಾಗ ಓಡೇನು ಎಂಬುದೊಂದೇ ಧ್ಯಾನ.

ಹಣಕೋಣಕ್ಕೆ ಮದುವೆ ಮಾಡಿಕೊಟ್ಟಿದ್ದ ತಂಗಿ ವರ್ಷದೊಳಗೆ ಗಂಡನನ್ನು ಕಳೆದುಕೊಂಡು, ವಿಧವೆಯರ ಕೆಂಪು ಸೀರೆಯಲ್ಲಿ ಮನೆಗೆ ಮರಳಿದ್ದಳು. ಹತ್ತೊಂಬತ್ತು ವರ್ಷ. ಒಂದು ದಿನ ಬಾವಿಕಟ್ಟೆಯ ಹತ್ತಿರ ಮೆಲ್ಲಗೆ ಕೇಳಿದಳು: "ದಾದಾ, ನಂದೊಂದು ಫೋಟೋ ತೆಗೀತ್ಯಾ? ಈ ವೇಷ ಮಾತ್ರ ಕಾಣೂದು ಬ್ಯಾಡ."

ಆಗಿನ ನಮ್ಮ ಫಿಲ್ಮಿಗೆ ಕೆಂಪು ಕಾಣಿಸುತ್ತಿರಲಿಲ್ಲ. ಅದಕ್ಕೇ ಅದನ್ನು ಕೆಂಪು ದೀಪದಲ್ಲಿ ತೊಳೆಯುತ್ತಿದ್ದೆವು. ಕೆಂಪು ಬಟ್ಟೆ ಚಿತ್ರದಲ್ಲಿ ಕಪ್ಪಾಗಿಯೇ ಬರುತ್ತಿತ್ತು. ಆ ಕುರುಡು ಫಿಲ್ಮನ್ನು ಎಷ್ಟು ಸಲ ಬೈದಿದ್ದೆನೋ! ಅಂದು ಮಾತ್ರ ಅದರ ಕುರುಡೇ ನನಗೆ ಬೇಕಿತ್ತು. ಉಳಿದದ್ದು ಬೊಟ್ಟಿಲ್ಲದ ಹಣೆ. ಅವಳನ್ನು ಜಗಲಿಯ ಅಂಚಿಗೆ ಕೂಡ್ರಿಸಿ, ತಲೆಯ ಮೇಲಿನ ಸೆರಗನ್ನು ಎರಡು ಬೆರಳು ಮುಂದಕ್ಕೆಳೆದೆ. ನೆರಳು ಹುಬ್ಬಿನ ತನಕ ಇಳಿಯಿತು. ನೆರಳೊಳಗಿನದು ಕಾಣಬೇಕಾದರೆ ಷಟರ್ ಹೆಚ್ಚು ಹೊತ್ತು ತೆರೆದಿಡಬೇಕು. ನಾನು ಬೇಕೆಂದೇ ಬೇಗ ಮುಚ್ಚಿದೆ.

ಮುಂದಿನ ಶನಿವಾರ ಪ್ರಿಂಟ್ ತಂದೆ. ಸಂಕ್ರಾಂತಿಗೆ ಹೊಸ ಮದುಮಗಳು ಉಡುವ ಕರಿಯ ಚಂದ್ರಕಳಾ ಸೀರೆಯುಟ್ಟು ಕೂತಂತಿದ್ದಳು. ತಂಗಿ ನಗಲಿಲ್ಲ, ಚಿತ್ರದ ಸೀರೆಯನ್ನು ಬೆರಳಿನಿಂದ ಮುಟ್ಟಿದಳು. ಅಷ್ಟರಲ್ಲಿ ಆಯಿ, ನಮ್ಮ ತಾಯಿ, ಅದನ್ನು ಕಸಿದುಕೊಂಡಳು.

"ಇದೆಂತದಾ? ಊರವ್ರು ಕಂಡ್ರೆ ಎಂತ ಹೇಳೂದಿಲ್ಲ?"

"ಫಿಲ್ಮಿಗೆ ಕೆಂಪು ಕಾಣೂದಿಲ್ಲ, ಆಯಿ."

"ಹಣೆನೂ ಕಾಣೂದಿಲ್ವಾ?"

"ಅದೂ ಫಿಲ್ಮಿಂದೇ ತಪ್ಪು."

"ಕುಣೂಕೆ ಬರದವ್ಳು ಅಂಗಳ ಡೊಂಕು ಅಂದ್ಲಂತೆ. ಫೋಟೋಕ್ಕೆ ಹಚ್ಚೂ ಬಣ್ಣದ ಡಬ್ಬಿ ಉಂಟಲ್ಲ, ಕೆಂಪು ಹಚ್ಚು."

ಹಚ್ಚಿದೆ. ಕಪ್ಪಿನ ಮೇಲೆ ತೆಳು ಬಣ್ಣ ಹಿಡಿಯುವುದಿಲ್ಲ, ದಪ್ಪಗೆ ಮೆತ್ತಿದೆ. ಹಣೆಯ ನೆರಳನ್ನು ಬ್ಲೇಡಿನಿಂದ ಕೆರೆದು ಬಿಳಿ ಮಾಡಿದೆ. ತಂಗಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಒಂದು ಕಡೆ ನಿಲ್ಲದ ನನ್ನ ಕೈ ಆಗ ಒಂದಿಷ್ಟೂ ಅಲುಗಲಿಲ್ಲ. ಆ ಕೈಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಾರವಾರದ ಬಸ್ಸಿಗೆ ಹೊರಟಾಗ ಅವಳು ಬೇಲಿಯ ದಣಪೆಯವರೆಗೆ ಬಂದಳು.

"ದಾದಾ, ಕಪ್ಪಿಂದು ಮತ್ತೊಂದು ಪ್ರತಿ ತೆಗೂಕೆ ಬತ್ತದಾ? ನಾ ಯಾರಿಗೂ ತೋರ್ಸೂದಿಲ್ಲ."

ಆಯಿ ಬಾಗಿಲಲ್ಲಿ ನಿಂತಿದ್ದಳು. ನನಗೆ ಹೆದರಿಕೆಯಾಯಿತು.

"ನೆಗೆಟಿವ್ ಹಾಳಾಯ್ತು," ಎಂದೆ. ಅದು ನನ್ನ ಅಂಗಿಯ ಕಿಸೆಯಲ್ಲೇ ಇತ್ತು.

ತಂಗಿ ನಂಬಿದಳು.