ಪಾರ್ಸೆಲ್ ದೋಸೆ

ಬಾಳೆಲೆಯಲ್ಲಿ ಮಡಚಿ, ಮೇಲೊಂದು ಹಳೆಯ ಪತ್ರಿಕೆಯ ಹಾಳೆ ಸುತ್ತಿ, ಬಿಳಿ ದಾರದಿಂದ ಬಿಗಿದು ಕೊಟ್ಟ ದೋಸೆ ಹೋಟೆಲಿನಿಂದ ಮನೆಗೆ ಬರುವಷ್ಟರಲ್ಲಿ ಏನಾಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತನ್ನ ಹಬೆಯಲ್ಲಿ ತಾನೇ ಬೆವೆತು, ಗರಿಗರಿಯ ಗರ್ವವನ್ನೆಲ್ಲ ಕಳೆದುಕೊಂಡು, ಎಲೆ ಬಿಚ್ಚಿದಾಗ ಹಿಂಡಿಟ್ಟ ಬಟ್ಟೆಯ ಹಾಗೆ ಮುದುಡಿ ಮಲಗಿರುತ್ತದೆ. ಆದರೂ ಬಾಡಿದ ಎಲೆಯ ಘಮ, ಬೆಣ್ಣೆಯ ಘಮ ಎರಡೂ ಕೂಡಿ ಅದಕ್ಕೆ ಅದರದೇ ಒಂದು ರುಚಿಯಿದೆ, ಸುಳ್ಳು ಹೇಳಬಾರದು. ಹೊಳಲ್ಕೆರೆಗೆ ಸೊಸೆಯಾಗಿ ಬಂದಾಗಿನಿಂದ ನಾನು ತಿಂದ ಹೋಟೆಲ್ ದೋಸೆಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಹೆಂಗಸರು ಹೋಟೆಲಿಗೆ ಬರಬಾರದೆಂದು ನಮ್ಮೂರಲ್ಲಿ ಯಾರೂ ಬೋರ್ಡು ಬರೆಸಿಲ್ಲ. ಗಂಡ ಮಕ್ಕಳ ಜೊತೆ ಹೋದರೆ ಒಳಗೆ ಪರದೆ ಕಟ್ಟಿದ ಫ್ಯಾಮಿಲಿ ರೂಮಿದೆ. ಒಬ್ಬಳೇ ಹೋದರೆ ಗಲ್ಲಾದ ಪಕ್ಕ ನಿಂತು ಪಾರ್ಸೆಲ್ ಕಟ್ಟಿಸಿಕೊಂಡು ಬರಬಹುದು. ಆದರೆ ಮುಂದಿನ ಹಾಲಿನಲ್ಲಿ, ರಸ್ತೆಗೆ ಕಾಣುವ ಮೇಜಿನಲ್ಲಿ, ಹೆಂಗಸೊಬ್ಬಳು ತಾನೊಬ್ಬಳೇ ಕೂತು ದೋಸೆ ತಿಂದು ಎದ್ದು ಬಂದದ್ದನ್ನು ನಾನಂತೂ ಕಂಡಿರಲಿಲ್ಲ. ಹೈಸ್ಕೂಲಿನಲ್ಲಿ ಸಮಾನತೆಯ ಪಾಠವನ್ನು ವರ್ಷ ವರ್ಷವೂ ಗಂಟಲು ಹರಿಯುವಂತೆ ಮಾಡುವ ನನಗೆ, ಇದೊಂದು ಸಂಗತಿಯೆಂದು ಹೊಳೆದೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ಮಕ್ಕಳಿಗೆ ನಾನೇ ವಿವರಿಸಿ ಹೇಳಿದ್ದೇನೆ, ನೋಡಿ.

ಹೊಳೆದದ್ದು ಎರಡು ದಿನದ ತರಬೇತಿಗೆಂದು ಬೆಂಗಳೂರಿಗೆ ಹೋದಾಗ. ಉಳಿದುಕೊಂಡಿದ್ದ ಹಾಸ್ಟೆಲಿನಲ್ಲಿ ಬೆಳಗಿನ ತಿಂಡಿ ಇರಲಿಲ್ಲ. ಪಕ್ಕದ ಬೀದಿಯ ಹೋಟೆಲಿಗೆ ಹೋದೆ. ನನ್ನನ್ನು ಕೇಳದೆಯೇ ಬಾಯಿ, "ಒಂದು ದೋಸೆ, ಪಾರ್ಸೆಲ್" ಎಂದುಬಿಟ್ಟಿತು. ಪೊಟ್ಟಣ ಕೈಗೆ ಬಂತು, ಹೊರಗೆ ಬಂದೆ, ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟೆ. ಒಯ್ಯುವುದಾದರೂ ಎಲ್ಲಿಗೆ? ಮನೆಯಿರುವುದು ಹೊಳಲ್ಕೆರೆಯಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ ಊಟ ತಿಂಡಿ ಕೂಡದೆಂದು ಗೋಡೆಗೆ ಅಂಟಿಸಿದ್ದರು. ಅಷ್ಟು ದೊಡ್ಡ ನಗರದಲ್ಲಿ ಒಂದು ಬಿಸಿ ದೋಸೆಯನ್ನು ಎದೆಗವಚಿಕೊಂಡು ಹೊಂಗೆ ಮರದ ಕೆಳಗೆ ನಿಂತ ನನ್ನ ಪೆದ್ದುತನಕ್ಕೆ ಮೊದಲು ನಗು ಬಂತು, ಆಮೇಲೆ ಯಾಕೋ ಅಳುವೇ ಬಂದಂತಾಯಿತು.

ಅಲ್ಲಿಂದ ಹೋಟೆಲಿನ ಒಳಗು ಕಾಣುತ್ತಿತ್ತು. ಬಾಗಿಲ ಬಳಿಯ ಮೇಜಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಮಾಸಲು ಕಾಟನ್ ಸೀರೆ, ಪಕ್ಕದ ಕುರ್ಚಿಯಲ್ಲಿ ಸೊಪ್ಪು ಇಣುಕುವ ಕೈಚೀಲ. ದೋಸೆಯನ್ನು ತುದಿಯಿಂದ ಶುರು ಮಾಡಿ ನಿಧಾನವಾಗಿ ನಡುವಿಗೆ ಬಂದರು, ಕಾಫಿ ಕುಡಿದರು, ಇನ್ನೊಂದು ಕಾಫಿಗೆ ಹೇಳಿ ರಸ್ತೆ ನೋಡುತ್ತ ಕೂತರು. ಅವರು ಯಾರಿಗೂ ಕಾಯುತ್ತಿರಲಿಲ್ಲ, ಅವರನ್ನು ನನ್ನ ಹೊರತು ಯಾರೂ ನೋಡುತ್ತಲೂ ಇರಲಿಲ್ಲ. ಮಹಾನಗರದವರಿಗೆ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ ಎಂದು ನಾವು ಊರಿನವರು ಆಡಿಕೊಳ್ಳುತ್ತೇವಲ್ಲ. ಹಾಗೆ ಗೊತ್ತಿಲ್ಲದಿರುವುದರಲ್ಲೂ ಒಂದು ದಾಕ್ಷಿಣ್ಯವಿದೆ ಎಂದು ನನಗೆ ಅಂದು ಅನ್ನಿಸಿತು, ಮಿತ್ರರೇ. ನಮ್ಮೂರು ನಮ್ಮನ್ನು ಅಕ್ಕರೆಯಿಂದ ಕಾಯುತ್ತದೆ, ಆದರೆ ಕಾಯುವ ಕಣ್ಣೇ ಯಾವಾಗಲೋ ಕಾವಲಿನ ಕಣ್ಣೂ ಆಗಿರುತ್ತದೆ. ಮರುದಿನ ನಾನೂ ಹೋಗಿ ಅವರ ಮೇಜಿನ ಬಳಿ ನಿಂತೆ. "ಕೂತ್ಕೊಳ್ಳಿ" ಎಂದು ಚೀಲ ಸರಿಸಿದರು, ಅಷ್ಟೇ ಮಾತು. ಅಂದು ನಾನು ಎರಡು ಕಾಫಿ ಕುಡಿದು ತರಬೇತಿಗೆ ತಡವಾಗಿ ಹೋದೆ.

ಮರಳುವಾಗ ಬಸ್ಸು ಹಿರಿಯೂರು ದಾಟಿ ದುರ್ಗದ ಕಲ್ಲುಬೆಟ್ಟಗಳು ಕಾಣುವ ಹೊತ್ತಿಗೆ ನನ್ನ ಸಂಕಲ್ಪವೂ ಕೋಟೆಯಷ್ಟೇ ಗಟ್ಟಿಯಾಗಿತ್ತು: ನನ್ನೂರಿನಲ್ಲೂ ಹೀಗೆ ಕೂತು ತಿನ್ನಬೇಕು. ಹೊಳಲ್ಕೆರೆಯಲ್ಲಿ ಇಳಿಯುವಷ್ಟರಲ್ಲಿ ಅದು ಮೆತ್ತಗಾಗತೊಡಗಿತ್ತು. ಭಾನುವಾರ ಬೆಳಿಗ್ಗೆ ಹೋಟೆಲಿನ ಮೆಟ್ಟಿಲು ಹತ್ತಿದೆ. ಗಲ್ಲಾದಲ್ಲಿದ್ದ ಯಜಮಾನರು ಎಂದಿನ ಗೌರವದಿಂದ, "ಬರ್ರಿ ಮೇಡಮ್ಮೋರೆ, ಎಷ್ಟು ಕಟ್ಟಿಸ್ಲಿ?" ಎಂದರು. ಹಾಲಿನಲ್ಲಿ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿಗಳು, ಅವರ ಅಪ್ಪಂದಿರು, ಎಲ್ಲರೂ ಕೈಮುಗಿದರು. ಯಾರಾದರೂ ದುರುಗುಟ್ಟಿ ನೋಡಿದ್ದರೆ ಹಟಕ್ಕಾದರೂ ಕೂರುತ್ತಿದ್ದೆನೇನೋ. ಮರ್ಯಾದೆಯ ಎದುರು ಏನು ಮಾಡುವುದು? "ಮೂರು" ಎಂದೆ.

ಆ ಮೂರರಲ್ಲಿ ಒಂದು ನನ್ನ ಅತ್ತೆಯವರಿಗೆ. ಹೊರಕೆರೆದೇವಪುರದಿಂದ ಮದುವೆಯಾಗಿ ಬಂದ ಅವರು ಈ ಇಳಿವಯಸ್ಸಿನವರೆಗೂ ಹೋಟೆಲಿನ ಹೊಸಿಲು ತುಳಿದವರಲ್ಲ. ಮನೆಯಲ್ಲಿ ನಾವು ಹುಯ್ಯುವುದು ಮೆತ್ತನೆಯ ದಪ್ಪ ದೋಸೆ. ಹೋಟೆಲಿನದೆಂದರೆ ಅವರ ಪಾಲಿಗೆ ಮಗ ತರುವ ಪೊಟ್ಟಣವೇ. ತಿನ್ನುತ್ತ ಕೂತಾಗ ನಾನು ಬೆಂಗಳೂರಿನ ಆ ಹೆಂಗಸಿನ ಕಥೆ ಹೇಳಿ, ಬೆಳಿಗ್ಗೆ ನಾನು ಸೋತು ಬಂದದ್ದನ್ನೂ ಹೇಳಿದೆ.

"ಆಯಮ್ಮ ಒಬ್ಳೇ ಕುಂತಿದ್ಲಾ? ಎರಡ್ನೇ ಕಾಫಿನೂ ಕುಡುದ್ಲಾ?" ಎಂದು ಕೇಳಿದ ಅತ್ತೆ, ಜೋಲುವ ದೋಸೆಯನ್ನು ಬೆರಳಲ್ಲಿ ಎತ್ತಿ ಹಿಡಿದು ಒಂದಿಷ್ಟು ಹೊತ್ತು ನೋಡಿದರು. "ಬರೋ ವಾರ ಹೋಗಾಣ. ಈ ವಯಸ್ನಾಗೆ ನನ್ನ ಯಾರೇನಂತಾರೆ."

ಹೋದೆವು. ಯಜಮಾನರು ಗಾಬರಿಯಿಂದೆದ್ದು, "ಅಜ್ಜಿ, ಒಳಗೆ ಫ್ಯಾಮಿಲಿ ರೂಮ್ ಐತೆ, ಅಲ್ಲಿ ಕುಂತ್ಕಳ್ರಿ" ಎಂದರು. "ಅಲ್ಲಿ ಗಾಳಿ ಬರಾಕಿಲ್ಲ ಕಣಪ್ಪ" ಎನ್ನುತ್ತ ಅತ್ತೆ ರಸ್ತೆಗೆ ಕಾಣುವ ಮೇಜಿಗೇ ಹೋಗಿ ಕೂತರು. ನನ್ನ ಕಿವಿ ಬಿಸಿಯಾಗಿತ್ತು, ಕಣ್ಣು ಮೇಜಿನ ಮೇಲೇ ಇತ್ತು. ದೋಸೆ ಬಂತು. ಅತ್ತೆ ಅದರ ಅಂಚು ಮುರಿದರು, ಕರ್ರೆಂದಿತು. ಕೈ ತಡೆದರು. ಇನ್ನೊಂದು ಕಡೆ ಮುರಿದರು, ಅಲ್ಲೂ ಕರ್ರೆಂದಿತು.

"ಲೇ, ಇದು ಸದ್ದು ಮಾಡ್ತೈತಲ್ಲೇ" ಎಂದರು, ನನಗೆ ಮಾತ್ರ ಕೇಳುವ ಹಾಗೆ.

ಇಷ್ಟು ವರ್ಷ ನಮ್ಮ ಮನೆಗೆ ದೋಸೆ ಬರುತ್ತಿತ್ತು, ಅದರ ಸದ್ದು ಮಾತ್ರ ಹೋಟೆಲಿನಲ್ಲೇ ಉಳಿಯುತ್ತಿತ್ತು. ತಲೆಯೆತ್ತಿ ಸುತ್ತ ನೋಡಿದರೆ ಜನ ತಮ್ಮ ತಮ್ಮ ತಟ್ಟೆಗಳಲ್ಲಿ ಮುಳುಗಿದ್ದರು. ಒಂದಿಬ್ಬರು ನೋಡಿರಬಹುದು, ನೋಡಲಿ. ನಾವು ಎರಡನೆಯ ಕಾಫಿಯನ್ನೂ ತರಿಸಿಕೊಂಡು ರಸ್ತೆ ನೋಡುತ್ತ ಕೂತೆವು.

ಏಳುವಾಗ ಅತ್ತೆ ಗಲ್ಲಾದ ಮುಂದೆ ನಿಂತು ಮಗನಿಗೆಂದು ಒಂದು ದೋಸೆ ಕಟ್ಟಿಸಿಕೊಂಡರು. ಮನೆಯಲ್ಲಿ ನನ್ನ ಗಂಡ ದಾರ ಬಿಚ್ಚಿ, ಎಲೆ ಬಿಡಿಸಿ, "ಏನವ್ವ, ಮೆತ್ತಗಾಗೈತಲ್ಲ" ಎಂದು ಮುಖ ಕಿವುಚಿದರು.

"ಪಾರ್ಸೆಲ್ ಅಂದ್ರೆ ಹಂಗೇ ಕಣಪ್ಪ" ಎಂದರು ಅತ್ತೆ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ. "ದೋಸೆನ ಅಲ್ಲೇ ಕುಂತು ತಿನ್ಬೇಕು."