ಚಿಗವ್ವನ ಎರಡನೆಯ ಕಡ್ಡಿ

ಅವಳ ಬಲಗಾಲಿಗೆ ಆರು ಬೆರಳು. ಕಿರುಬೆರಳಿನ ಮಗ್ಗುಲಿಗೆ ಇನ್ನೊಂದು ಬೆರಳು, ನೆನೆದ ಕಡಲೆಕಾಳಿನಷ್ಟು, ಅದಕ್ಕೂ ಒಂದು ಪುಟ್ಟ ಉಗುರು. ನಡೆಯುವಾಗ ಅದು ನೆಲಕ್ಕೆ ತಾಗುತ್ತಿರಲಿಲ್ಲ. ಮನೆಯವರ ಮೇಲೆ ಮುನಿಸಿಕೊಂಡು ಬೇರೆ ಊರಿಗೆ ಹೊರಟವನ ಹಾಗೆ ಹೊರಗೆ ಮುಖ ಮಾಡಿಕೊಂಡಿರುತ್ತಿತ್ತು. ಊರಿನ ಕಾಲಿಗೆಲ್ಲ ಚಪ್ಪಲಿ ತಂದುಕೊಟ್ಟವಳು ಒಂದು ದಿನ ಬಿಟ್ಟರೆ ಬದುಕಿಡೀ ಬರಿಗಾಲಲ್ಲೇ ತಿರುಗಿದಳು. ಓಣಿಯವರಿಗೆಲ್ಲ ಅವಳು ಚಿಗವ್ವ. ನನಗೆ ಬಳಗದವಳೇನಲ್ಲ, ಗೋಡೆಗೆ ಗೋಡೆ ಹತ್ತಿದ ಮನೆಯವಳು, ಅಷ್ಟೇ. ಅಷ್ಟೇ ಎಂದು ಬರೆದುಬಿಟ್ಟೆ ನೋಡಿ, ಅಷ್ಟೇ ಆಗಿದ್ದರೆ ಇಂದು ಇಷ್ಟು ಸಂಕಟವಾಗುತ್ತಿರಲಿಲ್ಲ.

ಈಗ ಅವಳು ನೆನಪಾದದ್ದು ನನ್ನ ಮೊಮ್ಮಗನಿಂದ. ಮಗಳು ಇಂಡಿಯಿಂದ, ಗಂಡನ ಮನೆಯಿಂದ, ಅವನನ್ನು ಕರೆದುಕೊಂಡು ಬಂದಿದ್ದಾಳೆ. ಹೋದ ತಿಂಗಳು ಹೊಸ್ತಿಲಿನಿಂದ ನನ್ನ ತನಕ ನಾಲ್ಕು ಹೆಜ್ಜೆ ನಡೆದ! ನಾಲ್ಕೆಂದರೆ ನಾಲ್ಕು, ಐದನೆಯದಕ್ಕೆ ನನ್ನ ಮೇಲೆಯೇ ಬಿದ್ದ. ಆ ಖುಷಿಗೆ ಓಣಿ ತುಂಬ ಸಕ್ಕರೆ ಹಂಚಿದೆ. ಒಂದು ಮನೆಗೆ ಎರಡು ಸಲ ಕೊಟ್ಟೆನಂತೆ, ಅವರು ನಗಾಡುತ್ತಿದ್ದರು. ನಗಲಿ ಬಿಡಿ, ಅವರ ಮನೆಯಲ್ಲಿ ಇಂಥ ಕಾಲುಗಳಿವೆಯೇ? ಹಿಮ್ಮಡಿ ನೋಡಿದರೆ ಬೆಣ್ಣೆಯ ಉಂಡೆ. ಆ ಕಾಲಿಗೆ ಮೊದಲ ಜೋಡು ತರಬೇಕು ಎನ್ನುತ್ತ ಕೂತಿದ್ದಾಗ ಮಗಳು ಫೋನು ನೋಡುತ್ತ ನಕ್ಕಳು.

“ಯವ್ವಾ, ಬ್ರಿಟನ್ ದೇಶದಾಗ ಸಂತಿ ಮಾಡಾಕ ಯಾವ್ಯಾವ ಊರು ಚೊಲೊ ಅಂತ ಬರದಾರ ನೋಡು. ಒಂದೂರಾಗ ಹಳೇ ಪುಸ್ತಕಂತ, ಒಂದೂರಾಗ ಉಣ್ಣಿ ಅಂಗಿ, ಒಂದೂರಾಗ ಬರೇ ಪಿಂಗಾಣಿ.”

“ಕೆರಕ್ಕ ಯಾವೂರು ಬರದಾರ?”

“ಕೆರದ ಊರೂ ಐತಿ. ನೀ ಹೊಂಟೀಯೇನು?”

“ಇದರಾಗೇನು ಹೊಸಾದೈತಿ? ನಮ್ಮ ಚಿಗವ್ವ ಫೋನು ಇಲ್ಲದ ಹೇಳತಿದ್ಲು” ಎಂದೆ.

ಬಾಂಡೆಕ್ಕ ಬಾಗೇವಾಡಿ, ಅರಿವಿಗೆ ಸಿಂದಗಿ, ಲಿಂಬಿಗೆ ಇಂಡಿ, ಕೆರಕ್ಕ ಮುದ್ದೇಬಿಹಾಳ. ಇದು ಚಿಗವ್ವನ ಮಾತು. ಬಾಗೇವಾಡಿಯ ಬಾಂಡೆ ಅಂಗಡಿಯವನು ಕೊಡವನ್ನು ಬಾರಿಸಿ ಕಿವಿಗೊಟ್ಟು ಕೇಳಲು ಬಿಡುತ್ತಿದ್ದನಂತೆ. ಸಿಂದಗಿಯವರು ಹತ್ತು ಸೀರೆ ಬಿಚ್ಚಿಸಿ ಒಂದೂ ಕೊಳ್ಳದೆ ಎದ್ದರೂ ಮುಖ ಸಿಂಡರಿಸುವುದಿಲ್ಲವಂತೆ. ಇಂಡಿಯ ಲಿಂಬೆಯ ಮಾತು ಯಾರಿಗೂ ಹೇಳಬೇಕಾಗಿಲ್ಲ. ಮುದ್ದೇಬಿಹಾಳದಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಗಿಡದ ಕೆಳಗೆ ಕೆರ ಹೊಲಿಯುವ ಒಬ್ಬನಿದ್ದ. ಅವನು ಚರ್ಮವನ್ನು ಒಂದು ರಾತ್ರಿ ನೆನೆಸದೆ ಮುಟ್ಟುವವನಲ್ಲ ಎಂದು ಚಿಗವ್ವ ಅವನನ್ನು ಹೊಗಳುತ್ತಿದ್ದಳು.

ಆಗೆಲ್ಲ ನಮ್ಮ ಓಣಿಯ ಹೆಣ್ಣುಮಕ್ಕಳು ಸಂತೆಗೆ ಹೋಗುವ ಪದ್ಧತಿ ಇರಲಿಲ್ಲ. ಚಿಗವ್ವನಿಗೆ ಹಿಂದಿಲ್ಲ ಮುಂದಿಲ್ಲ, ಗಂಡ ಬಲು ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ಎಲ್ಲರ ಪರವಾಗಿ ಅವಳೇ ಹೋಗುತ್ತಿದ್ದಳು. ಚಪ್ಪಲಿ ಬೇಕಾದವರು ಗೋಡೆಗೆ ಹಿಮ್ಮಡಿ ಹಚ್ಚಿ ನಿಲ್ಲಬೇಕು. ಅವಳು ಜೋಳದ ದಂಟಿನ ಒಣ ಕಡ್ಡಿಯನ್ನು ಕಾಲಿನ ಉದ್ದಕ್ಕೆ ಹಿಡಿದು, ಹೆಬ್ಬೆರಳಿನ ತುದಿಗೆ ಪಟಕ್ಕನೆ ಮುರಿಯುತ್ತಿದ್ದಳು. ಆಮೇಲೆ ಅವರ ಸೀರೆಯ ಸೆರಗಿನಿಂದ ಒಂದು ಎಳೆ ಎಳೆದು ಆ ಕಡ್ಡಿಗೆ ಸುತ್ತುತ್ತಿದ್ದಳು. ಹಸಿರು ಎಳೆ ಗೌಡರ ಸೊಸೆ, ಕುಂಕುಮದ ಎಳೆ ಪಿಂಜಾರರ ಮನೆಯ ಹಿರಿಯಳು. ಹೀಗೆ ಇಡೀ ಓಣಿಯ ಕಾಲುಗಳನ್ನು ಸೂಡು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದಳು. ಒಬ್ಬರ ಕೆರ ಇನ್ನೊಬ್ಬರಿಗೆ ಬಂದದ್ದು ನಾನು ಕಂಡಿಲ್ಲ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ತವರಿನಿಂದ ಹಾಕಿಕೊಂಡು ಬಂದ ಚಪ್ಪಲಿಯ ಬಾರು ಹರಿದಿತ್ತು. ಕೇಳುವ ಧೈರ್ಯ ನನಗಿಲ್ಲ. ಚಿಗವ್ವ ಒಂದು ಮುಂಜಾನೆ ಕಡ್ಡಿ ಹಿಡಿದು ನೇರ ಅಡುಗೆಮನೆಗೇ ಬಂದಳು.

ನಮ್ಮತ್ತೆ ನಡುವೆ ಬಂದರು. “ಬಾಗಲಾ ದಾಟದ ಸೊಸಿಗೆ ಕೆರ ಯಾಕ ಬೇಕವ್ವಾ?”

“ದಾಟೂ ದಿನ ಬರತೈತಿ ತಗೋ ಯಕ್ಕಾ. ಆವಾಗ ಹುಡುಕ್ಯಾಡಬಾರದಲ್ಲ?” ಎಂದವಳೇ ನನ್ನ ಕಾಲು ಹಿಡಿದು ಕಡ್ಡಿ ಮುರಿದಳು.

ಕೆರ ಬಂದವು. ಹಾಕಿಕೊಂಡು ಹಿತ್ತಲಲ್ಲೇ ಹತ್ತು ಸಲ ತಿರುಗಾಡಿದೆ. ಗೋಡೆಯ ಆಚೆಯಿಂದ ಅವಳ ದನಿ ಬಂತು: “ಕೆರ ಸವೀತಾವು, ಸಾಕು ಮಾಡು!”

ಬೋರಿಂಗಿನ ಹತ್ತಿರ ನೀರಿಗೆ ನಿಂತಾಗ ಹೆಂಗಸರು ಅವಳ ಕಾಲು ನೋಡಿ ಕಾಡುತ್ತಿದ್ದರು. “ಊರ ಮಂದಿಗೆಲ್ಲ ಕೆರ ತರ್ತಿ, ನಿನ್ನ ಕಾಲಿಗೇನು ಶಾಪ ಹತ್ತೈತೇನ ಚಿಗವ್ವಾ?”

ಅವಳು ಕೊಡ ಎತ್ತಿ ನಡುವಿಗೆ ಇಟ್ಟುಕೊಂಡು ಹೇಳುತ್ತಿದ್ದಳು, “ಎಲ್ಲಾರಿಗೂ ತರಾಕಿ ನಾನು. ಒಮ್ಮಿ ಯಾರರ ಸಂತಿಗಿ ಹೋಗಿ ನನಗಂತ ತರ್ರಿ, ಹಾಕ್ಕೋತೇನಿ. ನನಗ ನಾನ ತಂದ್ಕೊಂಡ್ರ ಏನ ಸುಖ ಐತಿ?”

ನಾವೆಲ್ಲ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ದಿನಗಳು ತಿರುಗಿದವು. ಅತ್ತೆ ಹೋದರು, ನಾವೆಲ್ಲ ಬಾಗಿಲು ದಾಟಿದೆವು. ಚಿಗವ್ವನಿಗೆ ಮೊಣಕಾಲು ಹಿಡಿದು ಬಸ್ಸಿನ ಮೆಟ್ಟಿಲು ಏರಲಾಗದಂತಾಯಿತು. ನನ್ನ ಮಗಳಿಗೆ ಏಳು ತಿಂಗಳು ತುಂಬಿ ಕುಬಸದ ಕಾರ್ಯ ಗೊತ್ತಾದಾಗ, ಸೀರೆ, ಖಣ, ಬಳೆ ತರಲು ನಾನು ನನ್ನ ತಮ್ಮನ ಗಾಡಿಯಲ್ಲಿ ಮುದ್ದೇಬಿಹಾಳಕ್ಕೆ ಹೊರಟೆ. ಆಗ ಚಿಗವ್ವ ಗೋಡೆ ಹಿಡಿದುಕೊಂಡು ಬಂದಳು. ಕೈಯಲ್ಲಿ ಅರಿವೆಯ ಚೂರಿನಲ್ಲಿ ಸುತ್ತಿದ ಕಡ್ಡಿ.

“ನಂದು” ಎಂದಳು. ನಾಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಬೇವಿನ ಗಿಡದ ಕೆಳಗ ಅಂವಾ ಇನ್ನೂ ಕೂಡತಾನ. ಅವನ ಕೈಯಾಗ ಕೊಡು.” ಇನ್ನೂ ಏನೋ ಹೇಳುತ್ತಿದ್ದಳು. ತಮ್ಮ ಹಾರ್ನು ಹೊಡೆಯುತ್ತಿದ್ದ, ನಾನು ಹ್ಞೂ ಹ್ಞೂ ಎನ್ನುತ್ತ ಗಾಡಿ ಹತ್ತಿದೆ.

ಖಣ ಆರಿಸುವುದರಲ್ಲೇ ಮಧ್ಯಾಹ್ನ ಮೀರಿತು. ಬಸ್ ಸ್ಟ್ಯಾಂಡಿನ ಹಿಂದೆ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂದು ತಮ್ಮ ಗೊಣಗಿದ. ಎದುರಿಗೇ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಕಂಡಿತು. ಕೆರ ಎಲ್ಲಿಯಾದರೇನು ಎಂದು ಅಲ್ಲಿಯೇ ಇಳಿದೆ. ಮೆಟ್ಟಿಲ ಮೇಲೆ ನಿಂತು ಅರಿವೆ ಬಿಚ್ಚಿದರೆ ಒಂದು ಉದ್ದನೆಯ ಕಡ್ಡಿ, ಜೊತೆಗೊಂದು ಗೇಣೂ ಇಲ್ಲದ ತುಂಡು. ಎಲ್ಲರದೂ ಒಂದೇ ಕಡ್ಡಿ ಇರುತ್ತಿದ್ದುದನ್ನು ಇಷ್ಟು ವರ್ಷ ಕಂಡವಳು ನಾನು. ಮುರಿದು ಬಿದ್ದ ಚೂರು ಇರಬೇಕು ಎಂದು ಆ ತುಂಡನ್ನು ರಸ್ತೆಗೆ ಎಸೆದೆ. ಉದ್ದನೆಯದನ್ನು ಹಿಡಿದು ಒಳಗೆ ಹೋಗಿ, ಅದಕ್ಕೆ ಸರಿಹೊಂದುವ ಕಂದು ಬಣ್ಣದ ಜೋಡು ತಂದೆ.

ಚಿಗವ್ವ ಅವನ್ನು ಮಡಿಲಲ್ಲಿ ಇಟ್ಟುಕೊಂಡು ಸವರಿದಳು. ಮೂಸಿ ನೋಡಿದಳು. “ಬೇವಿನ ಗಿಡದ ಅಜ್ಜ ಆರಾಮ ಅದಾನೇನು?” ಎಂದು ಕೇಳಿದಳು. ಅದಾನ ಎಂದುಬಿಟ್ಟೆ. “ಕೂಸಿನ ತೊಟ್ಟಿಲದ ದಿನ ಹಾಕ್ಕೋತೇನಿ” ಎಂದು ಗೋಡೆಯ ಮಾಡದಲ್ಲಿ ಇಟ್ಟಳು.

ಮೊಮ್ಮಗ ಹುಟ್ಟಿದ. ತೊಟ್ಟಿಲಿಗೆ ಮನೆಮನೆಗೆ ಹೋಗಿ ಹೆಂಗಸರನ್ನು ಕರೆಯಬೇಕಲ್ಲ, ಅದಕ್ಕೆ ನಾನೇ ಹೋಗುತ್ತೇನೆಂದು ಚಿಗವ್ವ ಹಠ ಹಿಡಿದಳು. ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ. ಎಲ್ಲರ ಅಂಗಳದಲ್ಲೂ ಕಾಲು ಮುಂದೆ ಚಾಚಿ, “ನನ್ನ ಮಗಳು ಮುದ್ದೇಬಿಹಾಳದಿಂದ ತಂದಾಳ” ಎಂದು ತೋರಿಸಿ ಬಂದಳಂತೆ. ಮಗಳು ಎಂದರೆ ನಾನು. ಊರೆಲ್ಲ ಸುತ್ತಿ ತಿರುಗಿ ಬಂದಾಗ ಸ್ವಲ್ಪ ಕುಂಟುತ್ತಿದ್ದಳು. ವಯಸ್ಸು ಎಂದುಕೊಂಡೆ. ಬಾಗಿಲಲ್ಲಿ ಅವಳ ಕಾಲಿಗೆ ನೀರು ಹಾಕಿದೆ.

ಚೊಂಬಿನ ನೀರು ಕೆಂಪಾಗಿ ಹರಿಯಿತು. ಆರನೆಯ ಬೆರಳಿನ ಸಿಪ್ಪೆ ಸುಲಿದು ಹೋಗಿತ್ತು. ಆ ಅಗಲದ ಕಾಲನ್ನು ನಾನು ಇಕ್ಕಟ್ಟಾದ ಜೋಡಿನಲ್ಲಿ ತುರುಕಿಸಿದ್ದೆ. ಗೇಣೂ ಇಲ್ಲದ ಆ ತುಂಡು ಅಡ್ಡಳತೆಯ ಕಡ್ಡಿ ಎಂದು ಆಗ ನನಗೆ ಹೊಳೆಯಿತು.

“ಚಿಗವ್ವಾ, ಸಣ್ಣ ಕಡ್ಡಿ ನಾ ಒಗದುಬಿಟ್ಟೆ” ಎಂದೆ.

“ಗೊತ್ತಾತು. ನೋಡಿದ ಕೂಡಲೇ ಗೊತ್ತಾತು.”

“ಮತ್ತ ಯಾಕ ಹಾಕ್ಕೊಂಡಿ?”

“ತಂದೀಯಲ್ಲ? ಸುಮ್ಮನಿರು, ಕೂಸಿನ ಹಬ್ಬದಾಗ ಕಣ್ಣೀರು ತರಬ್ಯಾಡ. ನಡಿ, ಒಳಗ ಹಾಡಾಕ ಮಂದಿ ಇಲ್ಲ.”

ಅವತ್ತೇ ಇನ್ನೊಂದು ಅಳತೆ ಕೊಡು ಎಂದೆ. “ನೀ ಹೋಗೂ ದಿನ ಕೊಡ್ತೇನಿ. ಈಗ ಕೊಟ್ಟರ ಮತ್ತ ಒಗದುಬಿಡ್ತಿ” ಎಂದು ನಕ್ಕಳು.

ಮರುವಾರ ಹೋಗಬೇಕೆಂದಿದ್ದೆ. ಮರುವಾರ ಕೂಸು ನನ್ನನ್ನು ನೋಡಿ ಮೊದಲ ಸಲ ನಕ್ಕಿತು, ಬಿಟ್ಟು ಹೇಗೆ ಹೋಗಲಿ? ಆಮೇಲೆ ಮಗ್ಗುಲಾಯಿತು. ಆಮೇಲೆ ಹಲ್ಲು ಬಂತು. ಸುಖವೇ ನನ್ನ ದಿನಗಳನ್ನೆಲ್ಲ ತಿಂದುಹಾಕಿತು. ಗೋಡೆಯ ಈಚೆಯಿಂದ “ಬರೂ ವಾರ ಖರೇನ ಹೋಗ್ತೇನಿ ಚಿಗವ್ವಾ” ಎನ್ನುತ್ತಿದ್ದೆ. ಆಚೆಯಿಂದ, “ನನ್ನ ಕಾಲು ಎಲ್ಲಿ ಓಡಿ ಹೊಕ್ಕಾವು?” ಎಂಬ ಉತ್ತರ ಬರುತ್ತಿತ್ತು.

ಎಳ್ಳಮವಾಸ್ಯೆ ಕಳೆದು ಎಂಟು ದಿನಕ್ಕೆ ಚಿಗವ್ವ ಹೋದಳು. ಎಲ್ಲರನ್ನೂ ಬರಿಗಾಲಲ್ಲೇ ಹೊತ್ತು ಒಯ್ಯುತ್ತಾರೆ, ಗೊತ್ತು. ಆದರೆ ನಾನು ನೋಡಿದ್ದು ಅದೊಂದನ್ನೇ. ಮಾಡದಲ್ಲಿ ಆ ಕಂದು ಜೋಡು ಒರೆಸಿ ಇಟ್ಟ ಹಾಗೆಯೇ ಇತ್ತು.

ಮಗಳು ಫೋನಿನಲ್ಲಿ ಊರುಗಳ ಹೆಸರು ಓದಿದ ಮರುದಿನ ನಾನು ಮೊಮ್ಮಗನನ್ನು ಗೋಡೆಗೆ ನಿಲ್ಲಿಸಿದೆ. ಒಂದು ಕಡೆ ಮಗಳು ಹಿಡಿದಳು. ಕೇಕೆ ಹಾಕುತ್ತ ಕುಣಿಯುತ್ತಿದ್ದ ಆ ಕಾಲಿಗೆ ಉದ್ದಕ್ಕೊಂದು ಅಡ್ಡಕ್ಕೊಂದು ಕಡ್ಡಿ ಮುರಿದು, ನನ್ನ ಸೆರಗಿನ ಎಳೆ ಸುತ್ತಿದೆ. ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಹೋದೆ. ಬೇವಿನ ಗಿಡದ ಕೆಳಗೆ ಅಜ್ಜ ಕೂತಿದ್ದ. ಕಡ್ಡಿಗಳನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದ.

“ಈ ಪದ್ಧತಿ ಒಬ್ಬಾಕೀದ ಇತ್ತು. ಎಲ್ಲಿ ಅದಾಳವ್ವಾ ಆಕಿ?”

“ಹೋದ್ಲರಿ ಅಜ್ಜಾ.”

ಅವನು ಉಳಿಯನ್ನು ಕೆಳಗಿಟ್ಟ. ಕಡ್ಡಿಗಳನ್ನೂ ಪಕ್ಕಕ್ಕಿಟ್ಟು ಹೇಳಿದ, “ಹೋದ ವರ್ಷ ಬಸ್ಸಿನವರ ಕೂಡ ಹೇಳಿ ಕಳಿಸಿದ್ಲು. ನನ್ನ ಮಗಳು ಎರಡ ಕಡ್ಡಿ ತರ್ತಾಳ, ನನಗಂತ ಕೆರ ಹೊಲಿಸಾಕ ಬರ್ತಾಳ ಅಂತ. ನಾ ಚರ್ಮಾ ನೆನಿಹಾಕಿ ದಾರಿ ನೋಡಿದೆ. ಆ ಹುಡುಗಿ ಬರಲೇ ಇಲ್ಲ.”

“ಆಕಿ ನಾನರಿ” ಎಂದೆ.

ಅಜ್ಜ ನನ್ನ ಮುಖ ನೋಡಿದ. ಬೈಯುತ್ತಾನೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವನು ಕೂಸಿನ ಕಡ್ಡಿಗಳನ್ನು ಮತ್ತೆ ಕೈಗೆತ್ತಿಕೊಂಡು, “ಚರ್ಮಾ ನೆನೀಬೇಕು. ನಾಳಿ ಬಾ” ಎಂದಷ್ಟೇ ಹೇಳಿದ.

ಮರುದಿನ ಹೋಗಿ ತಂದೆ. ಎಳೆಯ ಚರ್ಮದ, ಅಂಗೈಯಷ್ಟು ಜೋಡು. ಮೊಮ್ಮಗ ಅವನ್ನು ಹಾಕಿಕೊಂಡು ಈಗ ಅಂಗಳದ ತುಂಬ ಓಡುತ್ತಾನೆ. ನಾನು ಅವನ ಹಿಂದೆ ಕೈ ಚಾಚಿಕೊಂಡು ಓಡುತ್ತೇನೆ. ಆ ಜೋಡಿನ ಸಪ್ಪಳಕ್ಕೆ, “ಸವೀತಾವು, ಸಾಕು ಮಾಡು” ಎಂದು ಗೋಡೆಯ ಆಚೆಯಿಂದ ಯಾರೂ ಕೂಗುವುದಿಲ್ಲ.

ಚಿಗವ್ವನ ಉದ್ದನೆಯ ಕಡ್ಡಿ ನನ್ನ ಟ್ರಂಕಿನಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಒಂದೇ ಕಡ್ಡಿಯಿಂದ ಅವಳ ಕಾಲಿಗೆ ಏನನ್ನೂ ಹೊಲಿಸಲು ಬರುವುದಿಲ್ಲ.