ಸುಚಿತಾ ಮಾಡಿದ ಕರಕರ ಪೆಟ್ಟಿಗೆ

ತದಡಿಯ ಸುಚಿತಾ ಹದಿನೆಂಟು ವರ್ಷ ಮಾಡಿದ್ದು ಒಂದೇ ಕೆಲಸ: ಬೋಟುಗಳ ವಯರ್‌ಲೆಸ್ ಸೆಟ್ಟಿನಿಂದ ಕರಕರ ಸದ್ದು ತೆಗೆಯುವುದು. ಕುಮಟೆಯ ರಿಪೇರಿ ಅಂಗಡಿಯೊಂದರಲ್ಲಿ ಬೇರೆಯವರ ಕೈಕೆಳಗೆ ದುಡಿದು, ನಲವತ್ತಕ್ಕೆ ಬಂದರಿನ ಹತ್ತಿರ ಸ್ವಂತ ಅಂಗಡಿ ತೆರೆದರೆ, ಬಂದ ಮೊದಲ ಗಿರಾಕಿ ಸ್ವಂತ ತಮ್ಮ ಕಿರಣ. ಅವನಿಗೆ ಬೇಕಾಗಿದ್ದು ಆ ಕರಕರವೇ. ಗಿಟಾರಿನ ನಯವಾದ ನಾದವನ್ನು ಹರಿದು ಒರಟು ಮಾಡುವ, ಕಾಲಲ್ಲಿ ಒತ್ತುವ ಪೆಟ್ಟಿಗೆ. ಫಜ್ ಎನ್ನುತ್ತಾರಂತೆ. ಫಜೀತಿಯ ಅರ್ಧ ಹೆಸರಿನಲ್ಲೇ ಇತ್ತು. ಉಳಿದರ್ಧ ಆಮೇಲೆ ಬಂತು.

ಬೋಟಿನವರು ಮಾತ್ರ ಅಂಗಡಿಯತ್ತ ಸುಳಿಯಲಿಲ್ಲ. ಮೂರು ಬೋಟುಗಳ ಧಣಿ ರವೀಂದ್ರ ತನ್ನ ಸೆಟ್ಟು ರಿಪೇರಿಗೆ ಕೊಟ್ಟರೆ ಎಲ್ಲರೂ ಕೊಡುತ್ತಿದ್ದರು. ಹೆಂಗಸಿನ ಕೈ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ತಿಳಿಸುವುದು ಅವನಿಗೆ ಗೊತ್ತಿತ್ತು. ಅವನ ಮಗಳು ಸುಶ್ಮಿತಾ ಕಿರಣನ ತಂಡದ ಹಾಡುಗಾರ್ತಿ. ಭಾನುವಾರ ಕುಮಟೆಯ ಸ್ಪರ್ಧೆಗೆ ತಾನೂ ಬರುವುದಾಗಿ, ಜೀಪಿನಲ್ಲಿ ಕೆಟ್ಟ ಸೆಟ್ಟೊಂದನ್ನು ತರುವುದಾಗಿ ರವೀಂದ್ರ ತಿಳಿಸಿದ್ದ. ಪೆಟ್ಟಿಗೆ ಸರಿಯಾಗಿ ಸದ್ದು ಮಾಡಿದರೆ ಸೆಟ್ಟು ಸುಚಿತಾಗೆ, ಇಲ್ಲವಾದರೆ ಹೊನ್ನಾವರದ ರಿಪೇರಿ ಅಂಗಡಿಗೆ.

ಸುಚಿತಾ ಗುಜರಿ ರೇಡಿಯೋಗಳನ್ನು ಬಿಚ್ಚಿ ನಲವತ್ತು ಜರ್ಮೇನಿಯಂ ಟ್ರಾನ್ಸಿಸ್ಟರ್ ತೆಗೆದಳು. ಒಂದೊಂದನ್ನೇ ಮೀಟರಿಗೆ ಹಚ್ಚಿ, ಮೂವತ್ತೆಂಟನ್ನು ಬದಿಗಿಟ್ಟು, ಎರಡನ್ನು ಆರಿಸಿದಳು. ಒಳಗೊಂದು ಪುಟ್ಟ ತಿರುಪು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೂ ದನಿ ಬದಲಾಗುತ್ತಿತ್ತು. ಬೆಳಿಗ್ಗೆ ಆರಕ್ಕೆ, ಅಂಗಡಿ ತಂಪಿದ್ದಾಗ, ದನಿ ಒಂದು ಹದಕ್ಕೆ ಬಂತು. ಕೈ ಅಭ್ಯಾಸ ನೋಡಿ: ಬೋಟಿನ ಸಾಮಾನಿಗೆ ಉಪ್ಪುಗಾಳಿ ತಾಗಬಾರದೆಂದು ಮಾಡುವಂತೆ, ತಿರುಪಿನ ಸಮೇತ ಎಲ್ಲದರ ಮೇಲೆ ಅಂಟುದ್ರಾವಣ ಸುರಿದು ಕಲ್ಲಾಗಿಸಿಬಿಟ್ಟಳು. ಗಿಟಾರು ಸಮುದ್ರಕ್ಕೆ ಹೋಗುವುದಿಲ್ಲವೆಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಮಾರ್ಚಿನ ಮಧ್ಯಾಹ್ನ. ತಗಡಿನ ಮಾಡಿನ ವೇದಿಕೆ. ಎರಡು ತಂಡಗಳ ನಂತರ ಇವರದು. ವೇದಿಕೆಯ ಹಿಂದೆ ಕಿರಣ ಪೆಟ್ಟಿಗೆ ಒತ್ತಿ ತಂತಿ ಮೀಟಿದರೆ, ಹರಿಯಬೇಕಾದ ನಾದ ನೆಗಡಿಯಾದವರ ಉಸಿರಿನಂತೆ ಎರಡು ಸಲ ಸುಯ್ಯೆಂದು ನಿಂತಿತು.

“ಅಕ್ಕಾ, ಎಂತ ಆತು ಇದಕ್ಕೆ?”

ಸುಚಿತಾ ಪೆಟ್ಟಿಗೆ ಮುಟ್ಟಿ ನೋಡಿದಳು, ದೋಸೆಕಲ್ಲು. ತಪ್ಪು ತಿಳಿಯಲು ಮೀಟರು ಬೇಕಾಗಲಿಲ್ಲ. ಆ ಹಳೇ ಜಾತಿಯ ಟ್ರಾನ್ಸಿಸ್ಟರಿಗೆ ಸೆಕೆ ಆಗದು. ತಿರುಪು ಕಾಲು ಸುತ್ತು ತಿರುಗಿಸಿದ್ದರೆ ಸಾಕಿತ್ತು, ತಿರುಪು ಕಲ್ಲಿನೊಳಗಿತ್ತು. ಒಡೆದರೆ ಟ್ರಾನ್ಸಿಸ್ಟರಿನ ಕೂದಲಿನಂಥ ಕಾಲುಗಳೂ ಮುರಿಯುತ್ತವೆ. ವೇದಿಕೆಯ ಬದಿಯಿಂದ ಕಾಣುತ್ತಿದ್ದ ಮುಂದಿನ ಸಾಲಿನಲ್ಲಿ ರವೀಂದ್ರ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

ಅವಳು ಪೆಟ್ಟಿಗೆ ಕಿತ್ತುಕೊಂಡು ಓಡಿದಳು. ಮೈದಾನದ ಆಚೆಗೇ ಮೀನು ಮಾರ್ಕೆಟ್ಟು, ಅಲ್ಲಿ ಅವಳ ತಾಯಿ ಮಾಸ್ತಮ್ಮನ ಬುಟ್ಟಿ. ಬಂಗಡೆಯನ್ನು ಬದಿಗೆ ಸರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೆಟ್ಟಿಗೆಯನ್ನು ಐಸಿನಲ್ಲಿ ಹೂತಳು. ಮಾಸ್ತಮ್ಮ ಗಿರಾಕಿಗೆ ಮೀನು ಎಣಿಸುತ್ತಲೇ, ಮಗಳಿಗೆ ಬಿಸಿಲು ತಲೆಗೇರಿತೇ ಎಂದು ವಿಚಾರಿಸಿದಳು.

ಆದರೆ ಹೊಸ ಸಂಕಟ. ಬಿಸಿಯನ್ನು ಒಳಗೆ ಬಿಟ್ಟುಕೊಂಡ ಆ ದಪ್ಪ ಅಂಟು ತಂಪನ್ನು ಒಳಗೆ ಬಿಡಲು ಅಷ್ಟೇ ಸತಾಯಿಸುತ್ತಿತ್ತು. ಮೈಕಿನಲ್ಲಿ ತಂಡದ ಹೆಸರು ಒಮ್ಮೆ ಕೇಳಿತು. ಎರಡನೆಯ ಸಲ ಕೂಗುವಾಗ ಪೆಟ್ಟಿಗೆಯ ಹೊರಮೈ ಮಂಜಿನಂತಿತ್ತು, ಒಳಗಿನ ಸಂಗತಿ ದೇವರಿಗೇ ಗೊತ್ತು. ಪೆಟ್ಟಿಗೆಯನ್ನು ಐಸಿನ ಸಮೇತ ಚೀಲವೊಂದಕ್ಕೆ ತುಂಬಿ ಓಡಿ ಬಂದು, ಕಿರಣನ ಕಾಲ ಬಳಿ ಇಟ್ಟು, ವಯರು ಸಿಕ್ಕಿಸಿ, ವೇದಿಕೆಯ ಮೆಟ್ಟಿಲಲ್ಲೇ ಕೂತಳು.

ಸುಶ್ಮಿತಾ ಮೊದಲ ಚರಣ ಹಾಡಿದಳು. ಕಿರಣ ಪೆಟ್ಟಿಗೆ ಒತ್ತಿದ. ಸುಯ್. ಜನ ನಕ್ಕರು. ಅವನು ಒತ್ತುವುದನ್ನು ಬಿಟ್ಟು ನಯವಾಗಿಯೇ ನುಡಿಸುತ್ತ ಅಕ್ಕನತ್ತ ನೋಡಿದ. ಅವಳು ಇನ್ನೂ ಇಲ್ಲ ಎಂದು ಕೈ ಅಡ್ಡ ಹಿಡಿದಳು. ಎರಡನೆಯ ಚರಣ ಮುಗಿಯುತ್ತ ಬಂತು. ಒಳಗೂ ತಣಿದಿರಬೇಕೆಂದು ಅಂದಾಜಿಸಿ ಅವಳು ಕೈ ತಗ್ಗಿಸಿದಳು.

ಈ ಸಲ ಗಿಟಾರಿನ ನಾದ ಹರಿದು ಒರಟಾಯಿತು. ತಗಡಿನ ಮಾಡು ಗುಂಯ್ಗುಟ್ಟಿತು, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಕರಕರ, ಅಪ್ಪಟ ಕರಕರ, ಹಾಡು ಮುಗಿಯುವ ತನಕ.

ತಂಡಕ್ಕೆ ಬಹುಮಾನ ಬರಲಿಲ್ಲ. ರವೀಂದ್ರ ಮೆಟ್ಟಿಲ ಬಳಿ ಬಂದು, ಮೊದಲು ಯಾಕೆ ಹಾಗಾಯಿತೆಂದು ಕೇಳಿದ. ವಯರು ಸಡಿಲಿತ್ತು ಎನ್ನಬಹುದಿತ್ತು. ನಾಲಿಗೆ ತುದಿಗೆ ಬಂದೂ ಇತ್ತು.

“ತಪ್ಪು ನಂದೇ, ರವೀಂದ್ರಣ್ಣ. ಬಿಸಿಲಲ್ಲಿ ಇಟ್ಟು ನೋಡ್ದೇ ಅಂಟು ಹಾಕ್ದೆ.”

“ನನ್ನ ಸೆಟ್ಟಿಗೂ ಹೀಂಗೇ ಮಾಡ್ತ್ಯಾ?”

“ಮಾಡೂದಿಲ್ಲ. ಮೂರು ಮಧ್ಯಾಹ್ನ ಬಿಸಿಲಲ್ಲಿ ಓಡಿಸಿ ನೋಡ್ತೆ. ಆಮೇಲೇ ಅಂಟು.”

ಬೋಟು ನಾಡಿದ್ದೇ ಹೊರಡಬೇಕು, ಎರಡು ದಿನದಲ್ಲಿ ಮುಗಿಸು ಎಂದ ರವೀಂದ್ರ. ಹೊನ್ನಾವರದವರು ಒಂದೇ ದಿನದಲ್ಲಿ ಕೊಡುತ್ತಾರೆಂದೂ ಸೇರಿಸಿದ.

“ಹಾಂಗಾರೆ ಅಲ್ಲೇ ಕೊಡಿ. ನಂಗೆ ಮೂರು ದಿನ ಬೇಕು.”

ರವೀಂದ್ರ ಜೀಪಿನ ಕಡೆ ನಡೆದ. ಎಂಜಿನ್ನು ಶುರುವಾಗುವ ಸದ್ದಿಗೆ ಅವಳು ಕಾದಳು. ಶುರುವಾಗಲಿಲ್ಲ. ಅವನು ಹಿಂದಿನ ಬಾಗಿಲು ತೆರೆದು, ಗೋಣಿಯಲ್ಲಿ ಸುತ್ತಿದ ಸೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ವಾಪಸು ಬರುತ್ತಿದ್ದ.